ಏಳನೇ ಗುಂಡಿಯ ಹುಣಸೆಮರ

ಗಾಲ್ಫ್ ಬೇಡ ಎಂದು ನಾಲ್ಕು ಚರ್ಚಾಸ್ಪರ್ಧೆಗಳಲ್ಲಿ ವಾದಿಸಿ ಮೂರರಲ್ಲಿ ಗೆದ್ದವನು ನಾನು. ಊರಿಗೇ ನೀರಿಲ್ಲದಾಗ ಹುಲ್ಲಿಗೇಕೆ ಎಂದು ಮೇಜು ಕುಟ್ಟಿದ್ದೇನೆ. ಅಂಥವನು ಮೂರು ತಿಂಗಳಿಗೊಮ್ಮೆ ಬರುವ ಒಂದು ಪುಟ್ಟ ಇಂಗ್ಲಿಷ್ ಗಾಲ್ಫ್ ಪತ್ರಿಕೆಗಾಗಿ ಅಂಚೆಯವರ ದಾರಿ ಕಾಯುತ್ತೇನೆಂದರೆ ನೀವು ನಗಬಹುದು. ಎದುರಾಳಿಯ ವಾದ ತಿಳಿಯಲೆಂದು ತರಿಸಿದೆ. ಅದು ನೆಪವೆಂದು ಎರಡನೇ ಸಂಚಿಕೆಗೇ ಗೊತ್ತಾಯಿತು. ನೀರಿನ ವಾದವನ್ನು ಹಿಂತೆಗೆದುಕೊಂಡಿಲ್ಲ, ಗಮನಿಸಿ.

ಅದರ ಸಂಪಾದಕರು, ಕರಡು ತಿದ್ದುವವರು, ಲಕೋಟೆಗೆ ಅಂಟು ಹಚ್ಚುವವರು ಎಲ್ಲ ಒಬ್ಬರೇ, ಆರ್.ಟಿ. ನಗರದ ಒಬ್ಬ ನಿವೃತ್ತ ಮೇಷ್ಟ್ರು. ಯಾರು ಗೆದ್ದರೆಂಬ ಸುದ್ದಿ ಅದರಲ್ಲಿರುವುದೇ ಇಲ್ಲ. ಒಬ್ಬ ಮನುಷ್ಯ ಗಾಳಿ ಯಾವ ಕಡೆಗಿದೆಯೆಂದು ಎರಡು ಪುಟ ಯೋಚಿಸಿ, ಮೂರನೆಯದರಲ್ಲಿ ಚೆಂಡನ್ನು ಕೊಳಕ್ಕೆ ಹೊಡೆದು, ನಾಲ್ಕನೆಯದರಲ್ಲಿ ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತಾನೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ನಿಂತುಬಿಟ್ಟ ಬಸ್ಸಿಗೆ ಇದಕ್ಕಿಂತ ಹದವಾದ ಓದಿಲ್ಲ. ವಾದ ಕಲಿತ ನಮಗೆ ತಪ್ಪೊಪ್ಪಿಗೆಯೆಂದರೆ ಸೋಲು. ಈ ಪತ್ರಿಕೆಗೆ ಅದೇ ಬಂಡವಾಳ.

ಯಲಹಂಕದ ನಮ್ಮ ಮನೆಯ ಮಾಲೀಕರು ಮುನಿಯಪ್ಪ. ಒಂದು ಭಾನುವಾರ ನಾನು ಮೆಟ್ಟಿಲ ಮೇಲೆ ಓದುತ್ತಿದ್ದಾಗ ಬಂದು ಕೂತರು.

"ಏನ್ ಬುಕ್ಕಪ್ಪಾ ಅದು?"

"ಗಾಲ್ಫು, ಅಂಕಲ್. ಬಾಗಲೂರಾಚೆ ಗ್ರೌಂಡಲ್ಲಿ ಹದಿನೆಂಟು ಗುಂಡಿ ಇದಾವಂತೆ. ಒಂದೊಂದನ್ನೂ ವರ್ಣಿಸಿದಾರೆ."

"ನಮ್ ರೋಡಲ್ಲಿ ಅದ್ಕಿಂತ ಜಾಸ್ತಿ ಅವೆ. ಅದ್ಯಾಕೆ ಬರ್ದಿಲ್ಲ?"

'ಹೋಲ್' ಎಂಬುದನ್ನು ಗುಂಡಿ ಎಂದು ಅನುವಾದಿಸಿದ್ದು ನನ್ನ ಎಡವಟ್ಟು. ಬರೀ ತೂತಲ್ಲ, ಚೆಂಡು ಹೊರಡುವ ಜಾಗದಿಂದ ತೂತಿನವರೆಗಿನ ಇಡೀ ನೆಲ ಎಂದು ವಿವರಿಸಿದೆ. "ಅಂಗನ್ನು. ಅದು ಗುಂಡಿ ಅಲ್ಲ, ತಾಕು" ಎಂದರು. ಹೊಲದ ಒಂದೊಂದು ತುಂಡೂ ಅವರಿಗೆ ಒಂದು ತಾಕು. ಒಂದೊಂದಕ್ಕೂ ಒಂದು ಹೆಸರು.

ಏಳನೆಯದಕ್ಕೆ ಬಂದೆ: ಎಡಕ್ಕೆ ಆನೆಬೆನ್ನಿನಂಥ ಬಂಡೆ, ಪಕ್ಕದಲ್ಲಿ ಆಟಗಾರರೆಲ್ಲ ಶಪಿಸುವ ಹುಣಸೆಮರ. ಮುನಿಯಪ್ಪ ಎದ್ದು ನಿಂತರು.

"ಅದು ನಮ್ಮಪ್ಪನ ಉಣಸೆ ತಾಕು ಕಣಪ್ಪಾ! ಒಲ ಮಾರಿದ್ಮೇಲೆ ಮರ ಕಡಿದಾಕಿರ್ತಾರೆ ಅಂದ್ಕಂಡಿದ್ದೆ. ಅದೇ ಮರಾನಾ ನೋಡು. ಎರಡು ಕವಲು, ಬುಡದಾಗೆ ಪೊಟರೆ."

ಪತ್ರಿಕೆಯಲ್ಲಿ ಅಷ್ಟು ವಿವರವಿರಲಿಲ್ಲ. ಹೋಗಿ ನೋಡಬಾರದೇ ಎಂದೆ.

"ನಮ್ಮಪ್ಪ ಉತ್ತಿದ್ ಒಲಕ್ಕೆ ಒಳಗ್ ಬಿಡ್ರಪ್ಪಾ ಅಂತ ಗೇಟ್‌ನೋನ್ನ ನಾನ್ ಕೇಳ್ಳಾ?"

ನನ್ನೊಳಗಿನ ವಾದಿ ಕಿವಿ ನಿಮಿರಿಸಿದ. "ಅಂಕಲ್, ಇದನ್ನ ಮುಂದಿನ ಡಿಬೇಟಲ್ಲಿ..."

"ಮರ ಐತೋ ಇಲ್ವೋ ಗೊತ್ತಿಲ್ಲ, ಇವನದೊಂದು ಡಿಬೇಟು! ಮೊದ್ಲು ಆ ಬುಕ್ಕಿನೋರ್ಗೆ ಕಾಗ್ದ ಬರಿ."

ಬರೆದೆ. ದೊಡ್ಡ ಪತ್ರಿಕೆಯಾಗಿದ್ದರೆ ಆ ಕಾಗದ ಯಾವ ಬುಟ್ಟಿ ಸೇರುತ್ತಿತ್ತೋ. ಹತ್ತು ದಿನ ಮುನಿಯಪ್ಪ ನನಗಿಂತ ಮೊದಲೇ ಅಂಚೆಯವರನ್ನು ಹಿಡಿದರು. ಹನ್ನೊಂದನೇ ದಿನ ಸಂಪಾದಕರ ಕಾರ್ಡು ಬಂತು. ಹೋಗಿ ನೋಡಿಬಂದಿದ್ದರು: ಕವಲು ಎರಡೇ. ಪೊಟರೆಯೂ ಇದೆ, ಅದರೊಳಗೆ ತಮ್ಮವೇ ಮೂರು ಚೆಂಡುಗಳಿವೆ, ಕೈಹಾಕಲು ಧೈರ್ಯವಿಲ್ಲ ಎಂದು ಬರೆದಿದ್ದರು.

ಮುನಿಯಪ್ಪ ಎರಡು ಸಲ ಓದಿಸಿದರು. ಕಣ್ಣೊರೆಸಿಕೊಂಡರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು.

"ನಮ್ಮಪ್ಪ ಅದ್ರಾಗೇ ಪೈರು ಕುಯ್ಯೋ ಕುಡ್ಲು ಇಕ್ತಿದ್ದ. ಅವಸರ ಮಾಡ್ಬೇಡಿ, ಆ ಪೊಟರೇಲಿ ಇಕ್ಕಿದ್ದು ಎಲ್ಲೂ ಓಗಲ್ಲ ಅಂತ ಬರಿ."

ಹಾಗೆಯೇ ಬರೆದೆ. 'ಆದರೆ' ಎಂಬ ಪದವಿಲ್ಲದೆ ನಾನು ಮುಗಿಸಿದ ಮೊದಲ ಕಾಗದ ಅದು.