ನಿನ್ನೆ ಹೇಗಿದ್ರು?

ಸಾನಪಾಡಾದ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಅವರನ್ನು ಎಲ್ಲರೂ ನರ್ಸಕ್ಕ ಎನ್ನುತ್ತಿದ್ದರು. ಕುಂದಾಪುರದ ಕಡೆಯವರು, ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದವರು. ಯಾರ ಮನೆಯ ಹಿರಿಯರು ಹಾಸಿಗೆ ಹಿಡಿದರೂ ಬರುತ್ತಿದ್ದರು. ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದರು: "ನಿನ್ನೆ ಹೇಗಿದ್ರು?"

ಒಂದು ಮಧ್ಯಾಹ್ನ ಅಪ್ಪ ಬಾಲ್ಕನಿಯಲ್ಲಿ ನಿಂತು, ಖಾಲಿ ಲೋಟದಿಂದ ಖಾಲಿ ಲೋಟಕ್ಕೆ ಇಲ್ಲದ ಚಹಾವನ್ನು ಎತ್ತಿ ಎತ್ತಿ ಸುರಿಯತೊಡಗಿದರು. ನೌಪಾಡಾದ ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದ ಕೈ ಅದು. ಗ್ರಿಲ್‌ನಾಚೆಯ ಬಿಸಿಲಿನಲ್ಲಿ ಅವರಿಗೆ ಗಿರಾಕಿಗಳು ಕಾಣುತ್ತಿದ್ದರು. ಒಂದು ಗಳಿಗೆ ನನಗೂ ಕಂಡಂತಾಯಿತು. ಮರೆವಿನ ಕಾಯಿಲೆ ಬಂತೆಂದು ನಾನು ಅತ್ತುಬಿಟ್ಟೆ.

ನರ್ಸಕ್ಕ ಬಂದರು, ಅದೇ ಪ್ರಶ್ನೆ ಕೇಳಿದರು.

"ನಿನ್ನೆ ಪೇಪರ್ ಓದಿ ನನ್ನ ಹತ್ರ ಜಗಳ ಆಡಿದ್ರು," ಎಂದೆ.

ಅವರು ಅಪ್ಪನ ಹಣೆ ಮುಟ್ಟಿದರು. ಸುಡುತ್ತಿತ್ತು. "ಮರೆವು ಹೀಗೆ ಫಾಸ್ಟ್ ಲೋಕಲ್ ರೈಲಿನಲ್ಲಿ ಬರುದಿಲ್ಲ ಮಾರಾಯ್ತಿ. ಅದು ವರ್ಷಗಟ್ಲೆ ನಡ್ಕೊಂಡು ಬರ್ತದೆ. ಇದು ಯಾವುದೋ ಸೋಂಕಿನ ಭ್ರಮೆ. ಈಗಲೇ ಆಸ್ಪತ್ರೆಗೆ ನಡಿ."

ಮೂತ್ರದ ಸೋಂಕು ಇಳಿದ ಮೇಲೆ ಅಪ್ಪ ಮತ್ತೆ ಪೇಪರ್ ಕೇಳಿದರು.

ಕಳೆದ ವರ್ಷ ನರ್ಸಕ್ಕನ ಮನೆಗೆ ಹೋಗಿದ್ದೆ. ಅವರು ನನ್ನನ್ನೇ ನೋಡುತ್ತ ನನ್ನ ಹೆಸರು ಹುಡುಕುತ್ತಿದ್ದರು, ಮೆಲ್ಲಗೆ, ಯಾವ ಆತುರವೂ ಇಲ್ಲದೆ. ಏನೋ ಆಸೆಯಿಂದ ಅವರ ಹಣೆ ಮುಟ್ಟಿದೆ. ತಣ್ಣಗಿತ್ತು.

"ನಿನ್ನೆ ಹೇಗಿದ್ರಿ, ನರ್ಸಕ್ಕ?"

ಅವರು ನನ್ನ ಕೈಯನ್ನು ಹಣೆಯ ಮೇಲೆಯೇ ಹಿಡಿದುಕೊಂಡು ನಕ್ಕರು.

"ಹೀಗೇ ಇದ್ದೆ ಮಗಾ. ಮೊನ್ನೆಯೂ ಹೀಗೇ. ಹೋದ ಮಳೆಗಾಲದಲ್ಲೂ ಹೀಗೇ."