ಚಾಪೆ ಮೇಲೆ ನಾಟಿ ಹಾಕಿದ ತಂಗಿ

ಆಗ ನನಗೆ ಎಪ್ಪತ್ತು. ಇದಾಗಿ ನಾಲ್ಕು ವರ್ಷ ಆಯ್ತು. ತಂಗಿ ನನಗಿಂತ ಐದು ವರ್ಷಕ್ಕೆ ಚಿಕ್ಕವಳು. ಅವಳನ್ನು ಕೊಟ್ಟಿದ್ದು ನರಸೀಪುರದ ಹತ್ತಿರದ ಹಳ್ಳಿಗೆ, ನಾನಿರೋದು ನಂಜನಗೂಡಿನ ಕಡೆ. ಒಂದು ಬೆಳಿಗ್ಗೆ ಅವಳ ಗಂಡ ಫೋನ್ ಮಾಡಿ, "ಅಕ್ಕಾ, ನಿಮ್ ತಂಗಿಗೆ ಅರಳು ಮರಳು ಸುರುವಾಗದೆ, ಒಂದ್ಸಲ ಬಂದು ನೋಡ್ಕೊಂಡೋಗಿ" ಅಂದ. ಹೆಣ ನೋಡೋಕೆ ಕರೆದ ಹಾಗೆ ಕರೆದ. ಬಸ್ಸು ಹತ್ತಿದೆ. ಸುತ್ತೂರು ದಾಟೋವರೆಗೂ ನಿಂತೇ ಇದ್ದೆ, ಒಬ್ಬನೂ ಸೀಟು ಬಿಡಲಿಲ್ಲ.

ಹೋಗಿ ನೋಡಿದರೆ ತಂಗಿ ನಡುಮನೇಲಿ ಚಾಪೆ ಮೇಲೆ ಕೂತು ನಾಟಿ ಹಾಕ್ತಿದ್ದಳು. ಎಡಗೈಯಲ್ಲಿ ಇಲ್ಲದ ಪೈರಿನ ಕಟ್ಟು, ಬಲಗೈಯಲ್ಲಿ ಅದನ್ನು ಕಿತ್ತು ಕಿತ್ತು ಚಾಪೆಗೆ ಊರೋದು. ಕತ್ತಿನಲ್ಲಿ ಹೊಸ ತಾಯತ.

"ಹಿಂದಕ್ಕೆ ಸರಿಯಮ್ಮೀ, ಪೈರು ತುಳೀತಿದ್ದೀಯ" ಅಂದಳು ನನಗೆ.

"ನಾನ್ಯಾರು ಯೋಳು?"

"ಯಾರಾದ್ರೆ ನಂಗೇನು, ಕಾಲು ತೆಗಿ."

ಮೈ ಮುಟ್ಟಿದೆ. ಕಾದ ಹಂಚು. "ಜ್ವರ ಅದಲ್ಲಯ್ಯಾ, ಆಸ್ಪತ್ರೆಗೆ ತೋರಿಸ್ದಾ?" ಅಂತ ಅವಳ ಗಂಡನ್ನ ಕೇಳಿದೆ.

"ಜ್ವರ ಬುಡ್ತದೆ ಬುಡಿ. ಅರವತ್ತಕ್ಕೆ ಅರಳು ಮರಳು ಅಂತ ದೊಡ್ಡೋರು ಸುಮ್ನೆ ಯೋಳವ್ರಾ? ಇವ್ಳಿಗೆ ಐದು ವರ್ಷ ತಡವಾಗೇ ಬಂದದೆ."

"ಭಾನುವಾರ ಇಲ್ದಿದ್ದ ಅರಳು ಮರಳು ಮಂಗಳವಾರ ಬಂದ್ಬುಡ್ತದಾ? ಮೊನ್ನೆ ತಾನೆ ನಂಜೊತೆ ಫೋನಲ್ಲಿ ನೆಟ್ಟಗೆ ಜಗಳ ಆಡವ್ಳೆ!"

ತಂಗಿ ಸೊಸೆ ಬಾಗಿಲ ಹಿಂದಿನಿಂದ, "ನಾನೂ ಅದೇ ಅಂದೆ ದೊಡ್ಡತ್ತೆ. ನನ್ನ ಮಾತು ಯಾರು ಕೇಳ್ತಾರೆ" ಅಂದಳು. ನಾನು ಅವಳ ಕೈಲೇ ಆಟೋ ಕರೆಸಿದೆ. ಸೊಸೆಯೂ ಜೊತೆಗೆ ಬಂದಳು, ಗಂಡನೂ ಗೊಣಗಿಕೊಂಡು ಹತ್ತಿದ.

ಆಸ್ಪತ್ರೇಲಿ ಡಾಕ್ಟರಮ್ಮ ರಕ್ತ ತೆಗೆಸಿದಳು, ಉಚ್ಚೆ ಪರೀಕ್ಷೆ ಮಾಡಿಸಿದಳು. ಮೂತ್ರದಲ್ಲಿ ಸೋಂಕು, ಅಡ್ಮಿಟ್ ಮಾಡಿ ಅಂದಳು. ನನಗೆ ರೇಗಿತು. "ತಲೆ ಕೆಟ್ಟದೆ ಅಂತ ಕರ್ಕೊಂಡ್ಬಂದ್ರೆ ನೀನು ಉಚ್ಚೆ ನೋಡ್ತೀಯಲ್ಲವ್ವಾ!"

ಪಾಪ, ಅವಳು ರೇಗಲಿಲ್ಲ. "ಸೋಂಕು ಎಲ್ಲೇ ಆಗ್ಲಿ ಅಮ್ಮ, ದೇಹ ಅದರ ಜೊತೆ ಜಗಳಕ್ಕೆ ಬೀಳುತ್ತೆ. ಅದಕ್ಕೆ ಉರಿಯೂತ ಅಂತೀವಿ. ಅದರ ರಸಗಳು ರಕ್ತದಲ್ಲಿ ಸೇರಿ ಮೆದುಳಿಗೂ ಬಿಸಿ ಮುಟ್ಟಿಸ್ತವೆ. ಮೆದುಳಿನ ಜೀವಕೋಶಗಳು ಒಂದಕ್ಕೊಂದು ಸುದ್ದಿ ಹೇಳ್ಕೊಂಡೇ ಕೆಲಸ ಮಾಡೋದು. ಆ ಸುದ್ದಿ ಕಲಸಿಹೋಗಿದೆ. ವಯಸ್ಸಾದವರಿಗೆ ಹಿಂಗಾಗೋದು ಜಾಸ್ತಿ. ಜ್ವರ ಮೊದಲು ಇಳಿಯುತ್ತೆ, ತಲೆ ಆಮೇಲೆ ತಿಳಿಯಾಗುತ್ತೆ. ಅವಸರ ಮಾಡ್ಬೇಡಿ."

ನನಗೆ ತಿಳಿದಿದ್ದು ಇಷ್ಟು. ಪಕ್ಕದ ಗದ್ದೇಲಿ ಟಿಲ್ಲರ್ ಓಡ್ತಿದ್ದರೆ ನಮ್ಮ ನಾಟಿ ಸಾಲಲ್ಲಿ ಒಬ್ಬಳು ಅಂದಿದ್ದು ಇನ್ನೊಬ್ಬಳಿಗೆ ಕೇಳೋದಿಲ್ಲ. "ಪೈರು ಕೊಡು" ಅಂದರೆ "ಊಟ ಆಯ್ತು" ಅಂತಾಳೆ. ಕಿವಿ ಕೆಟ್ಟಿಲ್ಲ, ಬಾಯಿ ಕೆಟ್ಟಿಲ್ಲ. ಟಿಲ್ಲರ್ ನಿಲ್ಲಿಸಬೇಕು.

"ನೀರು ಕುಡೀತಾರಾ?" ಅಂದಳು ಡಾಕ್ಟರಮ್ಮ. ಸೊಸೆ ತಲೆ ತಗ್ಗಿಸಿ, "ನಾಟಿ ಇದ್ದಾಗ ಸಂಜೆವರ್ಗೂ ಮುಟ್ಟಲ್ಲ. ಯಾವ ಎಂಗಸ್ರೂ ಕುಡಿಯಲ್ಲ. ಬಯಲಲ್ಲಿ ಎಲ್ಲಿ ಕೂರೋದು ಮೇಡಂ?" ಅಂದಳು. "ನೀರು ಕುಡೀದೆ, ಬಂದಿದ್ದನ್ನೂ ತಡೆದಿಟ್ಕೊಂಡ್ರೆ ಈ ಸೋಂಕು ಬರುತ್ತೆ" ಅಂದಳು ಡಾಕ್ಟರಮ್ಮ. ದಿನವೆಲ್ಲ ನೀರಲ್ಲೇ ನಿಂತು ಬಾಯಿ ಒಣಗಿಸಿಕೊಳ್ಳೋ ಜಾತಿ ನಮ್ಮದು.

ಜ್ವರ ಇಳೀತು, ಬುದ್ಧಿ ಬರಲಿಲ್ಲ. ಆಸ್ಪತ್ರೆ ಬೆಡ್‌ಶೀಟಿನ ಮೇಲೂ ನಾಟಿ.

"ನೋಡಿದ್ರಾ ಅಕ್ಕಾ, ಜ್ವರ ಓದ್ರೂ ಮರುಳು ಓಗ್ನಿಲ್ಲ. ಮನೆಗೆ ಕರ್ಕೊಂಡೋಯ್ತೀನಿ" ಅಂದ ಅವಳ ಗಂಡ.

"ಡಾಕ್ಟ್ರು ಏನಂದ್ರು? ಔಸ್ದಿ ಮುಗೀಲಿ."

"ನೀವೇನು ಡಾಕ್ಟ್ರಾ?"

"ನೀನೇನು ಮಂತ್ರವಾದಿಯಾ? ಕೂತ್ಕೊ ಸುಮ್ನೆ."

ಮನೆಗೆ ಹೋದರೆ ಮುದುಕಿಗೆ ಮರುಳು ಅಂತ ಮೂಲೆಗೆ ಹಾಕ್ತಾರೆ, ಅಲ್ಲಿಗೆ ಅವಳ ಕಥೆ ಮುಗೀತು. ಅದು ನನಗೆ ಗೊತ್ತಿತ್ತು. ಮಂಚದ ಪಕ್ಕ ಬಿಟ್ಟು ಏಳಲಿಲ್ಲ. ಅವನು ದಿನಾ ಬಂದು ಅದೇ ರಾಗ ಎಳೆಯೋನು, ನಾನು ದಿನಾ ಅದೇ ಉತ್ತರ ಕೊಡೋಳು. ಸಾಕು ಸಾಕಾಯ್ತು. ಒಳಗೊಳಗೆ ನನಗೂ ಅನುಮಾನ ಶುರುವಾಗಿತ್ತು, ಅವನಿಗೆ ತೋರಿಸಲಿಲ್ಲ.

ಆಮೇಲೊಂದು ಮಧ್ಯಾಹ್ನ ತಂಗಿ ನನ್ನ ಕಡೆ ತಿರುಗಿ, "ಅಕ್ಕಾ, ಯಾಕಿಂಗೆ ಕೋಳಿಮರಿಗೆ ಅದ್ದು ಕೂತಂಗೆ ಕೂತಿದ್ದೀ? ಮನೇಲಿ ಅಸ ಕರ ಯಾರು ನೋಡ್ತಾವ್ರೆ?" ಅಂದಳು.

"ನಿನ್ನ ದೆಸೆಯಿಂದ ನನ್ನ ಬೆನ್ನು ಓಯ್ತು ಕಣೇ" ಅಂದೆ. ನೀರು ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ತಳ್ಳಿದಳು. "ಬ್ಯಾಡ. ಇದು ಅಭ್ಯಾಸ ಆದ್ರೆ ಗದ್ದೇಲಿ ಏನ್ ಮಾಡ್ಲಿ?"

ಬಂದ ಬುದ್ಧಿ ನೋಡಿ! ಅಷ್ಟರಲ್ಲಿ ಗಂಡ ಬಂದು, "ತಾಯತ ಕೆಲ್ಸ ಮಾಡ್ತು" ಅಂದ. ನನ್ನ ಮೈಯೆಲ್ಲ ಉರಿದುಹೋಯ್ತು.

"ನಾಕು ಗಳ ನೆಟ್ಟು ಎಂಗಸ್ರಿಗೆ ಒಂದು ಮರೆ ಕಟ್ಟೋಕೆ ನಿಂಗೆ ಇಷ್ಟು ವರ್ಸ ಸಾಲ್ನಿಲ್ವಾ?"

"ಗದ್ದೆ ಬದೀಲಿ ಅದನ್ನ ಕಟ್ಟಿದ್ರೆ ಜನ ನಗಾಡ್ತಾರೆ ಅಕ್ಕಾ."

"ನಗ್ಲಿ. ನಗಾಡೋರಿಗೂ ಉಚ್ಚೆ ಬತ್ತದೆ."

ಅವನು ಟವೆಲ್ಲು ಕೊಡವಿ ಹೆಗಲಿಗೆ ಹಾಕ್ಕೊಂಡು ಕಾಫಿ ಕುಡಿಯೋಕೆ ಹೋದ. ತಂಗಿ ಹತ್ತಿರ ಸೊಸೆಯನ್ನು ಬಿಟ್ಟು ಸಂಜೆ ಅವರ ಮನೆಗೆ ಹೋಗಿ ಮಲಗಿದೆ. ಮಾರನೇ ಬೆಳಿಗ್ಗೆ ಎದ್ದು ಮಚ್ಚು ಹುಡುಕಿ, ಹಗ್ಗದ ಮೇಲೆ ಒಣಗಿದ್ದ ಅವನ ಎರಡು ಪಂಚೆ ಎಳೆದುಕೊಂಡು ಗದ್ದೆಗೆ ಹೋದೆ. ನಾಲ್ಕು ಬಿದಿರು ಗಳ ಕಡಿದು ಬದುವಿನ ಮೂಲೇಲಿ ನೆಟ್ಟು, ಸುತ್ತ ಪಂಚೆ ಬಿಗಿದು, ಮೊದಲು ನಾನೇ ಒಳಗೆ ಹೋಗಿ ಕೂತೆದ್ದು ಬಂದೆ.