ಸಾಗುವಳಿ ಚೀಟಿಯ ಮೇಲೆ ನನ್ನ ಕೆಂಪು ರುಜು

ನಾನು ನಿಂತಿದ್ದದ್ದು ಕಚೇರಿಯ ಎರಡನೇ ಮೇಜಿನ ಎಡಗಡೆ, ಕಬ್ಬಿಣದ ಬೀರುವಿಗೂ ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿಗೂ ನಡುವೆ. ಕಳೆದ ವರ್ಷ ದೀಪಾವಳಿ ಮುಗಿದ ಮೊದಲ ಸೋಮವಾರ, ಬೆಳಗ್ಗೆ ಹನ್ನೊಂದೂಕಾಲು. ಯಾವ ಕಚೇರಿ ಎಂಬುದು ಇಲ್ಲಿ ಬೇಡ, ತಪ್ಪು ಅಲ್ಲಿಯದಲ್ಲ. ಮೇಜಿನ ಮೇಲೆ ಒಂದು ಡ್ರಾಯಿಂಗ್ ಶೀಟ್. ಅದರ ನಡುವೆ, ಗೋಂದಿನಲ್ಲಿ ಗಟ್ಟಿಯಾಗಿ ಕೂತ ಹಳೆಯ ಸಾಗುವಳಿ ಚೀಟಿ.

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ದಾರಿಯ ಹೈಸ್ಕೂಲೊಂದರಲ್ಲಿ ನಾನು ಇತಿಹಾಸದ ಮೇಷ್ಟ್ರು. ಆಗಸ್ಟ್‌ನಲ್ಲಿ ಒಂಬತ್ತನೇ ತರಗತಿಗೆ ಮೂಲ ದಾಖಲೆ ಓದುವ ಬಗೆ ಕಲಿಸಿದ್ದೆ. ಬರೆದವರು ಯಾರು, ಯಾವಾಗ ಬರೆದರು, ಯಾರಿಗಾಗಿ, ಏನನ್ನು ಹೇಳದೆ ಬಿಟ್ಟರು. ಶಾಸನದ ಚಿತ್ರ ತೋರಿಸಿದರೆ ಮಕ್ಕಳು ಆಕಳಿಸುತ್ತಿದ್ದರು. ಅದಕ್ಕೇ, ಮನೆಯಲ್ಲಿರುವ ಹಳೆಯ ಕಾಗದ ತನ್ನಿ, ಪ್ರಾಜೆಕ್ಟ್ ಮಾಡಿ ಎಂದೆ. ಜೆರಾಕ್ಸ್ ಸಾಕು ಎನ್ನಲಿಲ್ಲ. ಎಷ್ಟು ನೆನಪು ಮಾಡಿಕೊಂಡರೂ, ಎನ್ನಲಿಲ್ಲ. ಮೂಲವೇ ಮುಖ್ಯ ಎಂದು ಮಾತ್ರ ಎರಡು ಸಲ ಹೇಳಿದ್ದೆ.

ಒಬ್ಬ ಹುಡುಗಿ ಟ್ರಂಕಿನ ತಳದಿಂದ ಈ ಚೀಟಿ ತೆಗೆದಳು. ತೀರಿಕೊಂಡ ಅವಳ ತಾತ ಬೇರೆಯವರ ಹೊಲದಲ್ಲಿ ದುಡಿದವರು. ಅವರ ಹೆಸರಿಗೆ ಒಂದೂವರೆ ಎಕರೆ ಮಂಜೂರಾಗಿದ್ದಕ್ಕೆ ಮನೆಯಲ್ಲಿದ್ದ ಪುರಾವೆ ಅದೊಂದೇ. ನಮ್ಮ ಶಾಲೆಗಳಲ್ಲಿ ಪ್ರಾಜೆಕ್ಟ್ ಎಂದರೆ ಅಂಟಿಸುವುದು. ಅಂಟಿಸಿದಳು. ಕೆಳಗೆ ನಾಲ್ಕೂ ಪ್ರಶ್ನೆಗೆ ದುಂಡಗಿನ ಅಕ್ಷರದಲ್ಲಿ ಉತ್ತರ. ಹೇಳದೆ ಬಿಟ್ಟಿದ್ದೇನು ಎಂಬಲ್ಲಿ, ‘ಅಜ್ಜಿಯೂ ಅದೇ ಹೊಲ ಉತ್ತು ಬಿತ್ತಿದಳು, ಅವಳ ಹೆಸರಿಲ್ಲ’ ಎಂದು ಬರೆದಿದ್ದಳು. ನನಗೆ ಹೆಮ್ಮೆಯಾಯಿತು. ಕೆಂಪು ಪೆನ್ನು ತೆಗೆದು ಚೀಟಿಯ ಮೇಲೆಯೇ ರುಜು ಹಾಕಿದೆ. ಇಪ್ಪತ್ತಕ್ಕೆ ಹತ್ತೊಂಬತ್ತು.

ದಸರಾ ರಜೆಯಲ್ಲಿ ಪಕ್ಕದ ಹೊಲದವರು ಆ ನೆಲ ತಮ್ಮದೆಂದು ಅರ್ಜಿ ಹಾಕಿದರು. ಕಚೇರಿಯ ಹಳೆಯ ಕಡತವನ್ನು ಗೆದ್ದಲು ತಿಂದಿದ್ದರಿಂದ, ಅಸಲು ಕಾಗದ ತನ್ನಿ ಎಂದು ಅಜ್ಜಿಗೆ ನೋಟೀಸು ಬಂತು. ನಾಲ್ಕು ದಿಕ್ಕಿನ ಗಡಿ ಬರೆದಿದ್ದ ಚಕ್ಕುಬಂದಿ ಚೀಟಿಯ ಹಿಂಬದಿಯಲ್ಲಿತ್ತು. ಮನೆಯವರು ಹಬೆ ಹಿಡಿದು ಒಂದು ಮೂಲೆ ಬಿಡಿಸಿ ನೋಡಿದರು. ಅಲ್ಲಿನ ಅಕ್ಷರವೆಲ್ಲ ಶೀಟಿಗೇ ಮೆತ್ತಿಕೊಂಡಿತು, ಅಷ್ಟಕ್ಕೇ ಬಿಟ್ಟರು.

“ಏನಜ್ಜಿ, ಸರ್ಕಾರಿ ಚೀಟಿಗೆ ಮಾರ್ಕ್ಸ್ ಕೊಟ್ಟೋರ್ಯಾರು?” ಎಂದ ಗುಮಾಸ್ತ.

“ನಮ್ ಕೂಸಿನ ಮೇಷ್ಟ್ರು ಕಣಪ್ಪ. ಇಲ್ಲೇ ನಿಂತವ್ರೆ ನೋಡು.”

ಅವನು ನನ್ನತ್ತ ತಿರುಗಿದ. “ಒಂದು ಮಾರ್ಕ್ಸ್ ಯಾಕ್ ಕಳೆದ್ರಿ ಸಾ?”

ಓರೆಯಾಗಿ ಅಂಟಿಸಿದ್ದಕ್ಕೆ. ಹಾಗೆಯೇ ಹೇಳಿದೆ. ಅವನು ನಗಲಿಲ್ಲ.

“ಹಿಂದ್ಗಡೆ ಚಕ್ಕುಬಂದಿ ಕಾಣಲ್ಲ. ಮುಂದ್ಗಡೆ ನಿಮ್ ಸೈನು. ಇದನ್ನ ಅಸಲು ಅಂತ ನಾನೆಂಗ್ ತಗೊಳ್ಳಲಿ ಸಾ?”

ನಡೆದದ್ದನ್ನೆಲ್ಲ ನಾನು ಬರೆದು ತಂದಿದ್ದೆ. ಅದನ್ನು ಪೂರ್ತಿ ಓದಿ, ಮಡಿಸಿ, ವಾಪಸು ಕೊಟ್ಟ.

“ಮೇಷ್ಟ್ರು ಸೈನ್ ಆಕಿದ್ರೆ ಒಳ್ಳೇದೇ ಅಲ್ವೇನಪ್ಪ?” ಎಂದು ಅಜ್ಜಿ ಕೇಳಿದರು. ಗುಮಾಸ್ತ ಶೀಟನ್ನು ಅವರ ಕಡೆಗೆ ಸರಿಸಿದ.

ಸಂಕ್ರಾಂತಿ ಹೊತ್ತಿಗೆ ಆದೇಶ ಬಂತು. ಹೊಲ ಹೋಯಿತು. ಹುಡುಗಿ ಈಗ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಾಳೆ, ಮಾತಾಡುವುದಿಲ್ಲ.

ಆ ಚೀಟಿಯ ಹಿಂಬದಿಯನ್ನು ಕಣ್ಣಾರೆ ಕಂಡವರಲ್ಲಿ, ನನಗೆ ಗೊತ್ತಿರುವಂತೆ, ಬದುಕಿರುವವರು ಇಬ್ಬರು. ಒಬ್ಬರು ಅಜ್ಜಿ, ಅವರಿಗೆ ಓದಲು ಬಾರದು. ಇನ್ನೊಬ್ಬಳು, ಅದಕ್ಕೆ ಗೋಂದು ಹಚ್ಚಿದ ಹುಡುಗಿ.